ಬಚ್ಚಲ ಫ್ಯಾನು ಬೆಳಕಿನ ಬಾಲ ಅಲ್ಲ ಕನ್ರವ್ವ

ಮೊನ್ನೆ ಶುಕ್ರವಾರ ನಮ್ಮ ಹಿಂದಿನ ಬೀದೀಲಿ ಹೊಸ ಮನೆ ಒಕ್ಕಲಿತ್ತು. ನಿಮ್ಮಲ್ಲಿ ಸುಮಾರು ಜನ ಬಂದಿದ್ರಿ, ಪಂಕ್ತೀಲಿ ನೋಡ್ದೆ. ಮನೆ ಚೆಂದಾಗಿ ಕಟ್ಟವ್ರೆ, ಇಲ್ಲ ಅನ್ನಲ್ಲ. ಅಡುಗೆಮನೆ ಕಟ್ಟೆ ಎತ್ತರ ಸರಿಯಾಗದ, ದೇವರ ಮನೇಲಿ ಹೊಗೆ ಹೋಗಕ್ಕೆ ಕಿಂಡಿ ಬುಟ್ಟವ್ರೆ. ಆಮೇಲೆ ಮನೆಯವ್ಳು ಕೈ ಹಿಡ್ಕೊಂಡು ಹೋಗಿ ಬಚ್ಚಲು ತೋರಿಸಿದ್ಲು. ಬಾಗಿಲ ಪಕ್ಕದ ಗೋಡೇಲಿ ಒಂದೇ ಒಂದು ತಿರುಗಿಸೋ ಗುಂಡಿ. ತಿರುಗಿಸಿದ್ರೆ ಬೆಳಕು ಮೆಲ್ಲಗೆ ಏರ್ತದ, ಮೇಲೆ ಎಕ್ಸಾಸ್ಟ್ ಫ್ಯಾನೂ ಮೆಲ್ಲಗೆ ಸುತ್ತಕ್ಕೆ ಶುರು ಮಾಡ್ತದ. ಬೆಳಕು ಇಳಿಸಿದ್ರೆ ಫ್ಯಾನೂ ಇಳೀತದ. ಬಂದವ್ರೆಲ್ಲಾ ಮಕ್ಕಳ ಥರ ತಿರುಗ್ಸಿ ತಿರುಗ್ಸಿ ನೋಡ್ತಿದ್ರು.

ನಂಗೆ ಮಾತ್ರ ಹೊಟ್ಟೆ ಚುರ್ರಂತು. ಯಾಕಂದ್ರೆ ಅದೇ ಗುಂಡಿ ನಮ್ಮ ಮನೇಲೂ ಇತ್ತು. "ಇದೊಂದ ಬದಲಾಯ್ಸವ್ವ, ಫ್ಯಾನ್‌ಗ ಬೇರೆ ಸ್ವಿಚ್ಚು ಹಾಕ್ಸು" ಅಂತ ಅವಳ ಕಿವೀಲಿ ಹೇಳ್ದೆ. ಪಕ್ಕದಲ್ಲೇ ಇದ್ದ ಅವರ ಕಡೆಯ ಗಂಡಸ್ರು ಒಬ್ಬರಿಗೆ ಅದು ಕೇಳಿಸಿಬುಡ್ತು. "ಅಕ್ಕ, ಕರೆಂಟ್ ಕೆಲ್ಸ ನಾವ್ ನೋಡ್ಕೊತೀವಿ, ನೀವು ಪಾಯಸಕ್ಕ ಸಕ್ರ ಸಾಕಾ ನೋಡಿ" ಅಂದ್ರು. ಎಲ್ಲಾರೂ ನಕ್ಕರು. ನಾನೂ ನಕ್ಕು ಬಂದೆ. ಮಂಗಳಕಾರ್ಯದ ದಿನ ಇನ್ನೇನ್ ಮಾಡ್ಲಿ? ಆದ್ರೆ ರಾತ್ರಿ ನಿದ್ದೆ ಬರ್ಲಿಲ್ಲ. ಅವತ್ತು ಹೇಳಕ್ಕಾಗದ್ದನ್ನ ಇವತ್ತು ಇಲ್ಲಿ ಬರೀತೀನಿ. ಪಾಯಸಕ್ಕೆ ಸಕ್ಕರೆ ಸಾಕಾಗಿತ್ತು, ಅದನ್ನೂ ಹೇಳ್ಬುಡ್ತೀನಿ.

ನಾನು ಓದಿರೋದು ಪಿಯುಸಿ, ಅದೂ ಆರ್ಟ್ಸು. ಎಲೆಕ್ಟ್ರಿಷಿಯನ್ ಅಲ್ಲ. ಆದ್ರೆ ಬಚ್ಚಲ ಗೋಡೆಗೆ ಬೂಸ್ಟು ಹಿಡಿದ್ರೆ ಬ್ರಷ್ಷು ಹಿಡ್ಕೊಂಡು ಉಜ್ಜೋಳು ನಾನು. ಒದ್ದೆ ನೆಲದಲ್ಲಿ ಅತ್ತೆ ಕಾಲು ಜಾರಿದ್ರೆ ಎತ್ತೋಳು ನಾನು. ಮನೆ ಕಟ್ಟಿಸೋವಾಗ ಟೈಲ್ಸ್ ಬಣ್ಣ ಯಾವುದು ಅಂತ ನಮ್ಮನ್ನ ಕೇಳ್ತಾರೆ. ಸ್ವಿಚ್ಚು ಎಲ್ಲಿರಬೇಕು, ಯಾವ ಸ್ವಿಚ್ಚಿಗೆ ಯಾವುದು ಸೇರಬೇಕು ಅಂತ ನಿಮ್ಮಲ್ಲಿ ಯಾರನ್ನಾದ್ರೂ ಕೇಳವ್ರಾ? ಕೇಳಿದ್ರೆ ನಾನು ಈ ಬರಹಾನೇ ಅಳಿಸಿಬುಡ್ತೀನಿ.

ನಮ್ಮ ಮನೆ ಕತೆ ಹೇಳ್ತೀನಿ ಕೇಳಿ. ಮಗನ ಮದುವೆಗೆ ಮುಂಚೆ ಹಳೇ ಬಚ್ಚಲು ಕಿತ್ತು ಹೊಸದು ಮಾಡಿಸಿದ್ವಿ. ಮಗ ಮೈಸೂರಲ್ಲಿ ಯಾವುದೋ ಹೋಟೆಲ್ ರೂಮಲ್ಲಿ ನೋಡಿದ್ನಂತೆ, ಬಚ್ಚಲಲ್ಲಿ ಮಂದ ಬೆಳಕು ಮಾಡೋ ಡಿಮ್ಮರ್ ತಂದ. ಅಜ್ಜಿ ರಾತ್ರಿ ಎದ್ದಾಗ ಕಣ್ಣಿಗೆ ಹೊಡೆಯಬಾರದು ಅಂತ ಅವನ ಯೋಚನೆ. ಅದು ಒಳ್ಳೇ ಯೋಚನೇನೇ. ವೈರಿಂಗ್ ಹುಡುಗ ಬಂದು ನೋಡ್ದ. ಲೈಟಿಗೂ ಫ್ಯಾನಿಗೂ ಮೊದ್ಲೇ ಒಂದೇ ವೈರು ಎಳೆದಿತ್ತು. ಇನ್ನೊಂದು ವೈರು ಎಳೆಯೋ ರಗಳೆ ಯಾಕೆ ಅಂತ ಡಿಮ್ಮರ್ ತಂದು ಆ ಒಂದೇ ವೈರಿನ ಮುಂದೆ ಕೂರಿಸ್ಬುಟ್ಟ. "ಒಂದ್ರಲ್ಲೇ ಎರಡೂ ಆಯ್ತದ ಅಕ್ಕೋ, ಆಟೋಮ್ಯಾಟಿಕ್" ಅಂದ. ನಾವೂ ಭಾರೀ ಖುಷಿಯಾದ್ವಿ.

ಹದಿನೈದು ದಿನಕ್ಕೇ ಫ್ಯಾನು ಗುಂಯ್ಗುಡಕ್ಕೆ ಶುರುವಾಯ್ತು. ಅತ್ತೆ ರಾತ್ರಿಯೆಲ್ಲಾ ಬೆಳಕು ಮಂದ ಮಾಡಿ ಬುಟ್ಟಿರೋರು. ಫ್ಯಾನು ಸುತ್ತೂ ಸುತ್ತದು, ನಿಂತೂ ನಿಲ್ಲದು. ಹುಳ ಹಿಡಿದ ದನ ನರಳ್ದಂಗೆ ನರಳೋದು. ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಬಚ್ಚಲ ಬಾಗಿಲು ತೆಗೆದ್ರೆ ಸುಟ್ಟ ವಾಸನೆ. ಕಾಯಿಲ್ ಸುಟ್ಟೋಗಿತ್ತು. ವೈರಿಂಗ್ ಹುಡುಗ ಬಂದು "ಈಗಿನ ಫ್ಯಾನ್ಗಳೇ ಹಿಂಗ ಅಕ್ಕೋ" ಅಂತ ಬೇರೆ ಫ್ಯಾನು ಹಾಕ್ಸಿದ. ಅದೂ ಗೌರಿ ಹಬ್ಬದ ಹೊತ್ತಿಗೆ ಸುಟ್ಟೋಯ್ತು. ಮನೆಯೋರು ಫ್ಯಾನ್ ಕಂಪನಿಗೆ ಬೈದ್ರು, ಮಗ ವೋಲ್ಟೇಜಿಗೆ ಬೈದ, ಅತ್ತೆ ನಂಗೆ ಬೈದ್ರು, ಸ್ನಾನಕ್ಕೆ ಜಾಸ್ತಿ ಬಿಸಿನೀರು ಕಾಯಿಸ್ತೀಯಾ ಅಂತ. ಗುಂಡಿಗೆ ಮಾತ್ರ ಯಾರೂ ಬೈಲಿಲ್ಲ. ಹೊಳೀತಿತ್ತಲ್ಲ ಅದು.

ಆಮೇಲೆ ನಮ್ಮಣ್ಣನ ಮಗ ಬಂದ. ಐಟಿಐ ಮಾಡವ್ನೆ, ಮಾತು ಕಮ್ಮಿ. ಮೈನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಬೋರ್ಡು ಬಿಚ್ಚಿದ. "ಅತ್ತೆ, ಇಲ್ ನೋಡಿ" ಅಂದ. ಅವತ್ತು ಅವನು ಹೇಳಿದ್ದನ್ನ ನಂಗೆ ತಿಳಿದಂಗೆ ಹೇಳ್ತೀನಿ.

ಮನೆಗೆ ಬರೋ ಕರೆಂಟು ನಲ್ಲಿ ನೀರಿನ ಥರ ಒಂದೇ ಸಮ ಹರಿಯಲ್ಲ. ಸೆಕೆಂಡಿಗೆ 50 ಸಲ ಅತ್ತ ಇತ್ತ ತೂಗ್ತದ, ಜೋಕಾಲಿ ಥರ. ಡಿಮ್ಮರ್ ಮಾಡೋದು ಏನಂದ್ರೆ, ಪ್ರತಿ ತೂಗಿನಲ್ಲೂ ಒಸಿ ಭಾಗ ಕತ್ತರಿಸಿ ಬಿಸಾಕ್ತದ. ಬಲ್ಬಿಗೆ ಅದರಿಂದ ತೊಂದ್ರೆ ಇಲ್ಲ, ಕಮ್ಮಿ ಸಿಕ್ಕಿದ್ರೆ ಕಮ್ಮಿ ಉರೀತದ. ಆದ್ರೆ ಫ್ಯಾನಿನೊಳಗೆ ಇರೋದು ಮೋಟ್ರು. ಅದಕ್ಕೆ ಪೂರ್ತಿ ತೂಗು ಬೇಕು. ಕತ್ತರಿಸಿದ ಕರೆಂಟು ಕೊಟ್ರೆ ಅದು ಸುತ್ತಕ್ಕೆ ತಿಣುಕ್ತದ, ಗುಂಯ್ಗುಡ್ತದ. ಸುತ್ತಕ್ಕಾಗದೆ ಒಳಗಿನ ತಂತಿ ಕಾದು ಕಾದು ಕೊನೆಗೆ ಸುಡ್ತದ.

ನಮ್ಮೋರಿಗೆ ಇದು ಅರ್ಥವಾಗ್ಲಿಲ್ಲ. ನಾನೇ ಹೇಳ್ದೆ: "ಅರಿಶಿನದ ಹೊಲದಲ್ಲಿ ಡ್ರಿಪ್ಪೂ ಜೆಟ್ಟೂ ಒಂದೇ ಗೇಟ್ವಾಲ್ಗ ಕೊಟ್ಟು, ವಾಲು ಅರ್ಧ ಮುಚ್ಚಿ ನೋಡಿ. ಡ್ರಿಪ್ಪು ತೊಟ್ಟಿಕ್ತಾ ಇರ್ತದ. ಜೆಟ್ಟು ಸುತ್ತದಾ?" "ಎಲ್ ಸುತ್ತದ, ಬುಡದಲ್ಲೇ ನೀರ್ ಸುರೀತದ" ಅಂದ್ರು. "ಅದೇ ಇದು" ಅಂದೆ. ಅಣ್ಣನ ಮಗ ನಕ್ಕು, "ಪೂರ್ತಿ ಹಂಗೇ ಅಲ್ಲ ಮಾವ, ಆದ್ರೂ ಅತ್ತೆ ಹೇಳಿದ್ದು ಸರೀನೇ" ಅಂದ.

"ಹಾಲ್ ಫ್ಯಾನಿಗೆ ರೆಗ್ಯುಲೇಟರ್ ಇಲ್ವಾ, ಅದೂ ಕಮ್ಮಿ ಜಾಸ್ತಿ ಮಾಡಲ್ವಾ" ಅಂತ ನೀವು ಕೇಳ್ತೀರಿ, ಗೊತ್ತು. ಅತ್ತೇನೂ ಇದನ್ನೇ ಕೇಳಿದ್ರು. ಫ್ಯಾನ್ ರೆಗ್ಯುಲೇಟರ್ ಮೋಟ್ರಿಗೆ ಅಂತಲೇ ಮಾಡಿರೋದು. ಲೈಟ್ ಡಿಮ್ಮರ್ ಬಲ್ಬಿಗೆ ಮಾಡಿರೋದು. ಮುಖ ನೋಡಿದ್ರೆ ಅಣ್ಣ ತಮ್ಮನಂಗೆ ಇರ್ತವೆ, ಅದೇ ಮೋಸ. ಅಂಗಡೀಲಿ ತಗೊಳೋವಾಗ ಡಬ್ಬದ ಮೇಲೆ ಏನು ಬರೆದದ ಅಂತ ಓದಿ. ಬಲ್ಬಿಂದೂ ಹಂಗೇ. ಎಲ್ಲಾ ಎಲ್ಇಡಿ ಬಲ್ಬೂ ಡಿಮ್ಮರ್‌ಗೆ ಆಗಲ್ಲ. ಡಬ್ಬದ ಮೇಲೆ ಡಿಮ್ಮಬಲ್ ಅಂತ ಇರಬೇಕು, ಇಲ್ದಿದ್ರೆ ಮಿಣಮಿಣ ಅಂತದ, ಬೇಗ ಹೋಯ್ತದ. ನಮ್ಮಲ್ಲೂ ಮೊದಲು ಮಿಣಮಿಣ ಅಂದಿತ್ತು, ನಾವು ದೃಷ್ಟಿ ತೆಗೆದಿದ್ವಿ.

ಆದ್ರೆ ಫ್ಯಾನು ಸುಟ್ಟಿದ್ದು ದುಡ್ಡಿನ ವಿಷಯ. ನಾನು ಇಷ್ಟು ಬರೀತಿರೋದು ಅದಕ್ಕಲ್ಲ.

ನನ್ನ ತಂಗಿ ಮನೆ ನಂಜನಗೂಡಲ್ಲಿ ಅದೆ. ಅವರಲ್ಲಿ ಡಿಮ್ಮರ್ ಇರ್ಲಿಲ್ಲ, ಬರೀ ಸ್ವಿಚ್ಚು. ಆದ್ರೆ ಅಲ್ಲೂ ಒಂದೇ ಸ್ವಿಚ್ಚಿಗೆ ಲೈಟೂ ಫ್ಯಾನೂ ಸೇರಿಸಿದ್ರು. ಬಚ್ಚಲೊಳಗೇ ಗ್ಯಾಸ್ ಗೀಸರ್ ಇತ್ತು. ಪುಟ್ಟ ಬಚ್ಚಲು, ಮೇಲೆ ಒಂದು ಗಾಜಿನ ಕಿಂಡಿ. ಅವತ್ತು ಭಾನುವಾರ, ಹೊತ್ತು ಒಂಬತ್ತಾಗಿತ್ತು. ಗಾಜಿನ ಕಿಂಡಿಯಿಂದ ಬಿಸಿಲು ಒಳಕ್ಕೆ ಬಿದ್ದಿತ್ತು. ಹೆಣ್ಮಗು ತಲೆಗೆ ನೀರು ಹಾಕ್ಕೊಳಕ್ಕೆ ಹೋದ್ಲು. ಅಷ್ಟು ಬೆಳಕಿರೋವಾಗ ಲೈಟ್ ಯಾಕೆ ಹಾಕ್ತಾಳೆ? ಸುಮ್ನೆ ಲೈಟ್ ಉರಿಸಬೇಡ ಅಂತ ನಾವೇ ಅಲ್ವಾ ಬುದ್ಧಿ ಹೇಳಿರೋದು? ಲೈಟ್ ಹಾಕ್ಲಿಲ್ಲ, ಫ್ಯಾನೂ ಓಡ್ಲಿಲ್ಲ.

ಅರ್ಧ ಗಂಟೆಯಾದ್ರೂ ನೀರಿನ ಸದ್ದು ನಿಲ್ಲಲಿಲ್ಲ. ಕೂಗಿದ್ರೆ ಉತ್ತರ ಇಲ್ಲ. ತಂಗಿ ಗಂಡ ಚಿಲಕ ಮುರಿದು ಒಳಗೆ ಹೋದ್ರೆ ಮಗು ಗೋಡೆಗೆ ಒರಗಿ ಬಿದ್ದವ್ಳೆ, ಮೈಮೇಲೆ ಪ್ರಜ್ಞೆ ಇಲ್ಲ. ಆಚೆ ಗಾಳಿಗೆ ತಂದು ಹಾಕಿದ್ರು. ದೇವರ ದಯೆ, ಆಸ್ಪತ್ರೇಲಿ ಆಕ್ಸಿಜನ್ ಇಟ್ಟ ಮೇಲೆ ಸಂಜೆ ಹೊತ್ತಿಗೆ ನನ್ನ ನೋಡಿ "ದೊಡ್ಡವ್ವ, ತಲೆ ಸಿಡೀತದ" ಅಂದ್ಲು. ಆ ಮಾತು ಕೇಳೋ ತನಕ ನಾವು ಯಾರೂ ನೀರು ಮುಟ್ಟಿರಲಿಲ್ಲ.

ನೆರೆಹೊರೆಯವ್ರು ಒಬ್ಬರು "ಬೆಳಗ್ಗೆ ತಿಂಡಿ ತಿಂದಿರ್ಲಿಲ್ಲ, ಅದಕ್ಕೆ ತಲೆ ಸುತ್ತಿರ್ಬೇಕು" ಅಂದ್ರು. ತಿಂಡಿ ಅಲ್ಲ ಕನ್ರವ್ವ. ಮುಚ್ಚಿದ ಜಾಗದಲ್ಲಿ ಗ್ಯಾಸು ಉರಿದ್ರೆ ಅಲ್ಲಿರೋ ಗಾಳೀಲಿ ಆಮ್ಲಜನಕ ಕಮ್ಮಿಯಾಯ್ತದ. ಆಗ ಗ್ಯಾಸು ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ಹುಟ್ತದ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದ್ರೆ ಮೂಗಿಗೆ ಹೊಡೀತದಲ್ಲ, ಇದು ಹಂಗಲ್ಲ. ಉಸಿರಾಡಿದ್ರೆ ರಕ್ತದಲ್ಲಿ ಆಮ್ಲಜನಕ ಕೂರೋ ಜಾಗದಲ್ಲಿ ಇದು ಹೋಗಿ ಕೂತ್ಕೊತದ. ಮೊದಲು ತಲೆನೋವು, ಆಮೇಲೆ ಕೈಕಾಲು ಸೋಲ್ತವೆ. ಬಾಗಿಲು ತೆಗೀಬೇಕು ಅಂತ ಗೊತ್ತಾಗೋ ಹೊತ್ತಿಗೆ ಚಿಲಕ ಎತ್ತಕ್ಕೆ ಶಕ್ತಿ ಇರಲ್ಲ. ಗೀಸರ್ ಗ್ಯಾಸಿಂದ ಬಚ್ಚಲಲ್ಲಿ ಸತ್ತ ಸುದ್ದಿ ಚಳಿಗಾಲದಲ್ಲಿ ಪೇಪರಲ್ಲಿ ಬರ್ತಾನೇ ಇರ್ತದ. ಓದಿ ಅಯ್ಯೋ ಪಾಪ ಅಂದು ಅದೇ ಪೇಪರನ್ನ ಶೆಲ್ಫಿಗೆ ಹಾಸ್ತೀವಿ.

ಒಂದು ಮಾತು ಇಲ್ಲಿ ಸ್ಪಷ್ಟವಾಗಿ ಹೇಳ್ಬೇಕು, ಇಲ್ದಿದ್ರೆ ನನ್ನ ಮಾತು ಕೇಳಿ ಯಾರಾದ್ರೂ ಕೆಟ್ಟೋಗ್ತೀರಿ. ಫ್ಯಾನ್ ಇದ್ರೆ ಗ್ಯಾಸ್ ಗೀಸರ್ ಬಚ್ಚಲೊಳಗೆ ಇರಬಹುದು ಅಂತ ನಾನು ಹೇಳ್ತಿಲ್ಲ. ಗ್ಯಾಸ್ ಗೀಸರ್ ಇರಬೇಕಾದ್ದು ಆಚೆ, ಗಾಳಿ ಆಡೋ ಕಡೆ. ಪೈಪಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ತಂಗಿ ಮನೇಲಿ ಈಗ ಹಂಗೇ ಮಾಡವ್ರೆ. ಫ್ಯಾನು ಅದಕ್ಕೆ ಬದಲಿ ಅಲ್ಲ. ಫ್ಯಾನು ಗಾಳಿ ಆಚೆ ನೂಕಬೇಕಂದ್ರೆ ಒಳಕ್ಕೆ ಗಾಳಿ ಬರಕ್ಕೂ ದಾರಿ ಇರಬೇಕು, ಬಾಗಿಲ ಕೆಳಗೆ ಎರಡು ಬೆರಳು ಸಂದಾದ್ರೂ ಬುಡಿ.

ಹಳೇ ಬಚ್ಚಲಲ್ಲಿ ಈ ತೊಂದ್ರೆ ಇಷ್ಟಿರಲಿಲ್ಲ. ನಮ್ಮ ತವರಲ್ಲಿ ಹಂಡೆ ಒಲೆ, ಸೌದೆ, ತೆಂಗಿನ ಮಟ್ಟೆ ಉರಿಯೋದು. ಕಣ್ಣು ಉರೀತಿತ್ತು, ಗೋಡೆ ಕರ್ರಗಿತ್ತು, ಅದನ್ನೇನು ಸ್ವರ್ಗ ಅಂತ ಹೇಳಲ್ಲ. ಆದ್ರೆ ಹೆಂಚಿಗೂ ಗೋಡೆಗೂ ನಡುವೆ ಗೇಣು ಸಂದು. ಹೊಗೆ ತಾನೇ ದಾರಿ ನೋಡ್ಕೊಂಡು ಹೋಗೋದು. ಈಗ ಆರ್‌ಸಿಸಿ ಹಾಕಿ, ಅಲ್ಯೂಮಿನಿಯಂ ಕಿಟಕಿ ಕೂರಿಸಿ, ಸಂದಿಗೆಲ್ಲಾ ಸಿಲಿಕಾನ್ ಬಳಿದು ಡಬ್ಬ ಮಾಡಿ ಮುಚ್ಚವ್ರೆ. ಆ ಡಬ್ಬಕ್ಕೆ ಇರೋ ಒಂದೇ ಮೂಗು ಈ ಫ್ಯಾನು. ಆ ಮೂಗನ್ನ ಬೆಳಕಿನ ಗುಂಡಿಗೆ ಗಂಟು ಹಾಕೋದು ಯಾವ ಬುದ್ಧಿವಂತಿಕೆ? ಕತ್ತಲಾದ್ರೆ ಮಾತ್ರ ಉಸಿರಾಡಬೇಕಾ ಮನುಷ್ಯ?

ನಮ್ಮ ಸೀಮೆ ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನನ್ನ ತವರಲ್ಲಿ ನಾನು ಹೈಸ್ಕೂಲ್ ಓದೋವಾಗಲೂ ನಡುಮನೇಲಿ ಒಂದೇ ಬಲ್ಬು. ಬಚ್ಚಲಿಗೆ ಬುಡ್ಡಿದೀಪ ಹಿಡ್ಕೊಂಡು ಹೋಗ್ತಿದ್ವಿ. ಕರೆಂಟು ಯಾವತ್ತೂ ಗಂಡಸ್ರು ಕೂರೋ ಜಾಗಕ್ಕೆ ಮೊದಲು ಬಂದಿದ್ದು, ಹೆಂಗಸ್ರು ದುಡಿಯೋ ಜಾಗಕ್ಕೆ ಕೊನೇಲಿ. ಈಗ ಬಚ್ಚಲಿಗೂ ಬಂತಲ್ಲ ಅಂದ್ರೆ, ಅಲ್ಲೂ ಚೆಂದಕ್ಕೆ ಮೊದಲ ಮಣೆ.

ಈ ಒಂದೇ ಸ್ವಿಚ್ಚಿನ ಪರವಾಗಿ ಮಾತಾಡೋರ ಮಾತೂ ನಾನು ಕೇಳಿದೀನಿ. ಮರೆವು ಅನ್ನೋದು ಅವರ ವಾದ. ವಯಸ್ಸಾದವ್ರು, ಮಕ್ಕಳು ಫ್ಯಾನ್ ಹಾಕೋದು ಮರೀತಾರೆ, ಲೈಟಿನ ಜೊತೆ ಸೇರಿಸಿದ್ರೆ ತಾನೇ ಓಡ್ತದಲ್ಲ ಅಂತ. ಇದರಲ್ಲಿ ನಿಜ ಅದ. ನಮ್ಮತ್ತೆ ಫ್ಯಾನ್ ಸ್ವಿಚ್ಚು ಮರೆಯೋದೇ ಹೆಚ್ಚು. ಆದ್ರೆ ಲೈಟ್ ಆಫ್ ಮಾಡಕ್ಕೆ ನಮ್ಮ ಮನೇಲಿ ಯಾರೂ ಮರೆಯಲ್ಲ! ಸ್ನಾನ ಮುಗಿಸಿ ಬಂದ ತಕ್ಷಣ ಟಕ್ಕಂತ ಆರಿಸ್ತಾರೆ. ಫ್ಯಾನೂ ನಿಲ್ತದ. ಆವಿಯೆಲ್ಲಾ ಒಳಗೇ. ಫ್ಯಾನಿಗೆ ನಿಜವಾದ ಕೆಲಸ ಶುರುವಾಗೋದೇ ಸ್ನಾನ ಮುಗಿದ ಮೇಲೆ, ಹದಿನೈದು ಇಪ್ಪತ್ತು ನಿಮಿಷ. ಆ ಹೊತ್ತಿಗೆ ಸರಿಯಾಗಿ ಅದರ ಕತ್ತು ಹಿಚುಕೋದು ಈ ಜೋಡಿ ಸ್ವಿಚ್ಚು. ಮೇಲಿನ ಮೂಲೇಲಿ ಕಪ್ಪಗೆ ಬೂಸ್ಟು ಕೂರೋದು, ಟವಲು ಮುಗ್ಗಲು ವಾಸನೆ ಹೊಡೆಯೋದು, ಬಾಗಿಲ ಬುಡ ಉಬ್ಬಿ ಮುಚ್ಚಕ್ಕಾಗದೆ ಇರೋದು ಎಲ್ಲಾ ಅದರಿಂದ್ಲೇ.

ಕರೆಂಟ್ ಬಿಲ್ಲು ಅಂತೀರಾ? ನಮ್ಮ ಮನೆ ಫ್ಯಾನಿನ ಮೇಲೆ 35 ವಾಟ್ ಅಂತ ಬರೆದದ. ದಿನಾ ಒಂದು ಗಂಟೆ ಓಡಿಸಿದ್ರೂ ತಿಂಗಳಿಗೆ ಒಂದು ಯೂನಿಟ್ಟು, ಜಾಸ್ತಿ ಅಂದ್ರೆ ಕೂದಲೆಳೆ ಹೆಚ್ಚು. ಗೃಹಜ್ಯೋತಿ 200 ಯೂನಿಟ್ ದಾಟಿಸೋದು ಈ ಫ್ಯಾನಲ್ಲ ತಾಯಿ. ಕರೆಂಟ್ ಗೀಸರ್ ಹಾಕಿ ಮರೆತು ಟೀವಿ ನೋಡ್ತಾ ಕೂರ್ತಾರಲ್ಲ, ಅವರನ್ನ ಕೇಳಿ.

ಮರೆವಿಗೆ ಮದ್ದು ಅದ, ಅಣ್ಣನ ಮಗ ಹೇಳ್ಕೊಟ್ಟ. ಲೈಟ್ ಜೊತೆ ಫ್ಯಾನ್ ಓಡ್ಲೇಬೇಕು, ಬೆಳಕು ಮಂದ ಆಗ್ಲೂಬೇಕು ಅಂದ್ರೆ, ಮೊದಲು ಒಂದು ಮಾಮೂಲಿ ಆನ್ ಆಫ್ ಸ್ವಿಚ್ಚು. ಆ ಸ್ವಿಚ್ಚಿಂದ ಎರಡು ವೈರು ಕವಲು ಹೊಡೀಬೇಕು. ಒಂದು ನೇರ ಫ್ಯಾನಿಗೆ. ಇನ್ನೊಂದು ಡಿಮ್ಮರ್‌ಗೆ ಹೋಗಿ, ಅಲ್ಲಿಂದ ಬಲ್ಬಿಗೆ. ಸ್ವಿಚ್ ಹಾಕಿದ್ರೆ ಫ್ಯಾನು ಪೂರ್ತಿ ಜೋರಲ್ಲಿ ಓಡ್ತದ, ಬೆಳಕು ಮಾತ್ರ ನೀವು ಇಟ್ಟಷ್ಟು ಇರ್ತದ. ನೆನಪಿಟ್ಕೊಳಿ: ಫ್ಯಾನಿನ ವೈರು ಡಿಮ್ಮರ್ ಆದ ಮೇಲೆ ಅಲ್ಲ, ಡಿಮ್ಮರ್‌ಗೆ ಮುಂಚೆ ಒಡೀಬೇಕು. ಲೈಟ್ ಆರಿದ ಮೇಲೂ ಒಸಿ ಹೊತ್ತು ಓಡೋ ಟೈಮರ್ ಇರೋ ಫ್ಯಾನುಗಳೂ ಬರ್ತವೆ. ಅದಕ್ಕೆ ಯಾವಾಗ್ಲೂ ಕರೆಂಟು ಇರೋ ಇನ್ನೊಂದು ವೈರು ಬೇಕು.

ಆದ್ರೆ ನನ್ನ ಕೇಳಿದ್ರೆ, ಫ್ಯಾನಿಗೆ ಅದರದ್ದೇ ಸ್ವಿಚ್ಚು ಇರಬೇಕು. ಹಗಲಲ್ಲೂ ಹಾಕಬಹುದು, ಲೈಟ್ ಆರಿಸಿದ ಮೇಲೂ ಬುಡಬಹುದು. ನಾವು ಹಂಗೇ ಮಾಡಿಸಿದ್ವಿ. ನ್ಯೂಟ್ರಲ್ ಅಂತಾರಲ್ಲ ಆ ಕಪ್ಪು ವೈರು ಮೇಲೆ ಎರಡಕ್ಕೂ ಇದ್ದಿದ್ದೇ ಸಾಕಾಯ್ತು. ಫೇಸಿಗೆ ಒಂದು ಕೆಂಪು ವೈರು ಹೊಸದಾಗಿ ಪೈಪೊಳಗೆ ಎಳೆದ್ರು. ಗೋಡೆ ಒಡೀಲಿಲ್ಲ, ಪೈಪಲ್ಲಿ ಜಾಗ ಇತ್ತು. ಹಸಿರು ವೈರು, ಅದೇ ಅರ್ತು, ಅದನ್ನ ಫ್ಯಾನಿಗೆ ಕೊಟ್ಟೇ ಇರಲಿಲ್ಲ ಅಂತ ಆಗ್ಲೇ ಗೊತ್ತಾಗಿದ್ದು, ಅದನ್ನೂ ಕೊಡಿಸಿದ್ವಿ. ಒದ್ದೆ ಜಾಗದಲ್ಲಿ ಅರ್ತು ಇಲ್ದೆ ಇಷ್ಟು ದಿನ ಇದ್ವಲ್ಲ ಅಂತ ನಂಗೆ ಈಗ್ಲೂ ಮೈ ಜುಮ್ಮಂತದ. ಬೋರ್ಡಲ್ಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಅಂತ ಒಂದು ಹಾಕಿಸಿದ್ವಿ, ಮನುಷ್ಯರ ಮೈಮೇಲೆ ಕರೆಂಟ್ ಹರಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಲೈನ್ ಕಡೀತದ. ಅದರ ಖರ್ಚು ಬೇರೆ. ವೈರು, ಸ್ವಿಚ್ಚು, ಕೂಲಿ ಸೇರಿ 800 ರೂಪಾಯಿ ದಾಟ್ಲಿಲ್ಲ. ಸುಟ್ಟ ಎರಡು ಫ್ಯಾನಿಗೆ ಎಷ್ಟಾಗಿತ್ತು ಅಂತ ಮನೆಯೋರನ್ನ ಕೇಳ್ಬೇಡಿ, ಸಿಟ್ಟು ಮಾಡ್ಕೊತಾರೆ.

ಡಿಮ್ಮರನ್ನ ಕಿತ್ತು ಹಾಲಿಗೆ ಹಾಕಿದ್ವಿ. ಅತ್ತೆಗೆ ರಾತ್ರಿ ಹೊತ್ತಿಗೆ ಬಚ್ಚಲ ಬಾಗಿಲ ಹತ್ರ ಅರ್ಧ ವಾಟಿನ ಜೀರೋ ಬಲ್ಬು, ಹಸಿರು ಬಣ್ಣದ್ದು. "ಇದೇ ಚೆಂದಾಗದ, ಮೊದ್ಲೇ ಹಾಕ್ಬಾರ್ದಿತ್ತಾ" ಅಂದ್ರು. ಮಗ ಒಸಿ ಮುಖ ಊದಿಸ್ಕೊಂಡಿದ್ದ, ಸೊಸೆ ಮಾತ್ರ ಅಡುಗೆಮನೇಗೆ ಬಂದು "ಅತ್ತೆ, ಆ ಸದ್ದಿಗೆ ನಂಗೂ ನಿದ್ದೆ ಬರ್ತಿರಲಿಲ್ಲ, ಹೇಳಕ್ಕೆ ಹೆದರಿಕೆ" ಅಂದ್ಲು. ಹೊಸ ಸೊಸೆ ಎರಡು ತಿಂಗಳು ನಿದ್ದೆಗೆಟ್ಟು ಸುಮ್ನಿದ್ಲಲ್ಲ, ಅದಕ್ಕೆ ನಂಗೆ ನನ್ನ ಮೇಲೇ ಸಿಟ್ಟು ಬಂತು.

ಮನೆ ಕಟ್ಟಿಸ್ತಿರೋರು ಇದ್ರೆ, ಪ್ಲಾಸ್ಟರಿಂಗ್ ಆಗೋಕೆ ಮುಂಚೆ, ಗೋಡೇಲಿ ಪೈಪು ಕಾಣೋ ಹೊತ್ತಲ್ಲೇ ಹೋಗಿ ನಿಂತ್ಕೊಂಡು ಕೇಳಿ: ಬಚ್ಚಲ ಫ್ಯಾನಿಗೆ ಬೇರೆ ವೈರು ಎಳೆದ್ರಾ? ಅರ್ತು ಬಂತಾ? ಸ್ವಿಚ್ಚು ಬಚ್ಚಲ ಆಚೆ ಗೋಡೇಲಿ ಅದಾ? ಗೀಸರ್ ಎಲ್ಲಿ ಕೂರ್ತದ? ನಗ್ತಾರೆ, ನಗ್ಲಿ. ಉತ್ತರ ಬರೋ ತನಕ ಅಲ್ಲಿಂದ ಕದಲಬೇಡಿ. ಕೂಲಿ ಕೊಡೋ ಮನೆ ನಿಮ್ಮದು.

ಇದನ್ನ ಬರೀತಾ ಇರೋವಾಗ್ಲೇ ಹಿಂದಿನ ಬೀದಿಯವ್ಳು ಫೋನ್ ಮಾಡಿದ್ಲು. ಅವರ ಫ್ಯಾನು ನೆನ್ನೆ ರಾತ್ರಿಯಿಂದ ಗುಂಯ್ಗುಡ್ತದಂತೆ. "ಅಕ್ಕ, ಅವತ್ತು ಅವ್ರ ಮುಂದ ಏನೂ ಮಾತಾಡಕ್ಕಾಗ್ಲಿಲ್ಲ, ಬೇಜಾರ್ ಮಾಡ್ಕೊಬೇಡ" ಅಂದ್ಲು. ಬೇಜಾರೆಂಥದು. ಗುಂಡಿ ಮುಟ್ಟಬೇಡ, ಆಫ್ ಮಾಡಿ ಬುಡು, ಅಲ್ಲೀ ತನಕ ಕಿಟಕಿ ತೆಗೆದಿಟ್ಟು ಸ್ನಾನ ಮಾಡಿ ಅಂದೆ. ಬುಧವಾರ ಅಣ್ಣನ ಮಗನಿಗೆ ರಜ. ಅವನನ್ನ ಕರ್ಕೊಂಡು ಬೆಳಗ್ಗೆ ಹತ್ತಕ್ಕೆ ಅವಳ ಮನೆಗೆ ಹೋಗ್ತೀನಿ, ನೋಡಬೇಕು ಅನ್ನೋರು ಬನ್ನಿ.